ಒಂದು ಅಪಘಾತ ಕಡಿಮೆ

ಫೈಲಪ್ಪನವರು ಬಿದ್ದದ್ದು ಒಂದು ಸೋಮವಾರ, ಬೆಳಿಗ್ಗೆ ಒಂಬತ್ತಕ್ಕೆ ಹದಿನೆಂಟು ನಿಮಿಷ ಇರುವಾಗ. ಸಮಯದ ಬಗ್ಗೆ ಅನುಮಾನ ಬೇಡ. ಬಿದ್ದವರು ಮೊದಲು ನೋಡಿಕೊಂಡದ್ದು ಮೊಣಕೈಯನ್ನಲ್ಲ, ಕೈಗಡಿಯಾರವನ್ನು. ನೀರು ಸರಬರಾಜು ಕಚೇರಿಯ ದಾಖಲೆ ಕೋಣೆಯಲ್ಲಿ ಇಪ್ಪತ್ತೇಳು ವರ್ಷ ಕುಳಿತವರಿಗೆ ಅಷ್ಟು ಶಿಸ್ತು ಇರುತ್ತದೆ. ಜಾಗವೂ ಖಚಿತ: ಅವರ ಬೀದಿಯೂ ಅಡ್ಡಬೀದಿಯೂ ಕೂಡುವ ನಾಲ್ಕು ದಾರಿಯ ಮೂಲೆ, ನಿವೃತ್ತ ಹೆಡ್‌ಮಿಸ್ಟ್ರೆಸ್ ಮನೆಯ ಬೇಲಿಗಿಡದ ಬುಡ. ವಾಹನ, ಸೈಕಲ್ಲು. ಕಾರಣಗಳು ಮೂರು. ಬಲಗಡೆಯಿಂದ ಒಂದು ಬಿಳಿ ಕಾರು ಹಾರ್ನ್ ಮಾಡದೆ ನುಗ್ಗಿದ್ದು; ಆಳೆತ್ತರದ ಬೇಲಿಯ ಹಿಂದೆ ಅದು ಕಾಣದೆ ಇದ್ದದ್ದು; ಫೈಲಪ್ಪನವರು ಬ್ರೇಕ್ ಹಿಡಿಯುವ ಬದಲು ಗಂಟೆ ಬಾರಿಸಿದ್ದು.

ಕಾರು ನಿಲ್ಲದೆ ಹೋಯಿತು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಫೈಲಪ್ಪನವರಿಗೆ ನೋವಿನ ನಡುವೆಯೂ ಸಮಾಧಾನವಾದದ್ದು ಈ ಎರಡನೆಯ ಸಂಗತಿಯಿಂದ.

ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಹಳೆಯ ಟಾರ್ಚಿನ ಗ್ಯಾರಂಟಿ ಕಾರ್ಡಿನಿಂದ ಹಿಡಿದು ಹೆಂಡತಿ ಬರೆದಿಟ್ಟ ತರಕಾರಿ ಚೀಟಿಯವರೆಗೆ ಎಲ್ಲಕ್ಕೂ ಒಂದೊಂದು ಫೈಲು ಮಾಡುತ್ತಿದ್ದುದರಿಂದ ಬೀದಿಯವರು ಈ ಹೆಸರು ಕೊಟ್ಟಿದ್ದರು. ದಾಖಲೆಯಲ್ಲಿ ಸುಳ್ಳು ಸೇರಬಾರದು ಎಂಬುದು ಅವರ ಬದುಕಿನ ಏಕೈಕ ತತ್ವ. ಅಂಥವರು ಆ ಸೋಮವಾರ ಬೇಲಿಯ ಬುಡದಲ್ಲಿ ಕುಳಿತೇ ಒಂದು ಸುಳ್ಳನ್ನು ಕಟ್ಟಿದರು ಎಂದರೆ, ಅದಕ್ಕೆ ಹಿಂದಿನ ದಿನದ ಒಂದು ಮಾತು ಕಾರಣ.

ಭಾನುವಾರ ಹೊಸ ಸೈಕಲ್ಲು ಮನೆಗೆ ಬಂದಾಗ ಹೆಂಡತಿಯ ಅಣ್ಣ ಅಲ್ಲೇ ಇದ್ದ. ಅವನ ಮನೆ ಎರಡು ಮನೆ ಆಚೆ. ಕೆಲಸ ಮೂಳೆ ಡಾಕ್ಟರ ಹತ್ತಿರ ಕಾಂಪೌಂಡರು. ಹದಿನೈದು ವರ್ಷದಿಂದ ಜನರ ಕೈಕಾಲಿಗೆ ಪಟ್ಟಿ ಕಟ್ಟಿ ಕಟ್ಟಿ, ಎದುರಿಗೆ ಬಂದ ಮನುಷ್ಯರೆಲ್ಲ ಅವನ ಕಣ್ಣಿಗೆ ಇನ್ನೂ ಮುರಿಯದ ಮೂಳೆಗಳಾಗಿಯೇ ಕಾಣುತ್ತಿದ್ದರು.

"ಭಾವ, ಐವತ್ತೆರಡು ವಯಸ್ಸಿಗೆ ಸೈಕಲ್ಲಾ?" ಎಂದು ಅವನು ಪೆಡಲನ್ನು ಕಾಲಿನಿಂದ ತಿರುಗಿಸಿದ. "ಒಂದು ವಾರ. ಒಂದೇ ವಾರದಲ್ಲಿ ನಮ್ಮಲ್ಲಿಗೆ ಬರ್ತೀರಿ. ಬೇಕಿದ್ರೆ ಈಗಲೇ ಚೀಟಿ ಬರೆದಿಡ್ತೀನಿ."

"ನಾನು ಎರಡೂ ಕೈ ಬಿಟ್ಟು ಓಡಿಸ್ತಿದ್ದವನು," ಎಂದರು ಫೈಲಪ್ಪನವರು. ಎಷ್ಟು ದೂರ ಎಂದು ಅವನು ಕೇಳಲಿಲ್ಲ, ಇವರು ಹೇಳಲಿಲ್ಲ.

ಒಂದು ವಾರ ಎಂದು ಅವನು ಹೇಳಿದ್ದ. ಇವರು ಬಿದ್ದದ್ದು ಇಪ್ಪತ್ತೆರಡು ಗಂಟೆಯೊಳಗೆ. ಇದನ್ನು ಅವನಿಗೆ ಹೇಳುವುದಕ್ಕಿಂತ ಇನ್ನೊಮ್ಮೆ ಬೀಳುವುದೇ ವಾಸಿ ಅನ್ನಿಸಿತು.

ಸಂಜೆ ಮನೆಗೆ ಬಂದಾಗ ಅಂಗಿಯ ತೋಳು ಹರಿದಿತ್ತು, ಮೊಣಕೈ ತರಚಿತ್ತು, ಎಡಭುಜ ಬಾತಿತ್ತು. ಹೆಂಡತಿ ಬಾಗಿಲಲ್ಲೇ ತಡೆದಳು. "ಏನ್ರೀ ಇದು?"

"ದಾಖಲೆ ಕೋಣೆಯಲ್ಲಿ ಬೀರು ಬಿತ್ತು."

"ನಿಮ್ಮ ಮೇಲಾ?"

ಇಲ್ಲಿ ಹೌದು ಎಂದಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಬೀರಿನ ಕೆಳಗೆ ಸಿಕ್ಕಿಹಾಕಿಕೊಳ್ಳುವುದು ಸೈಕಲ್ಲಿನಿಂದ ಬೀಳುವುದಕ್ಕಿಂತ ಹೆಚ್ಚೇನೂ ಗೌರವದ ವಿಷಯವಲ್ಲ ಎಂದು ಅವರಿಗೆ ತಟ್ಟನೆ ಹೊಳೆಯಿತು. "ಟೈಪಿಸ್ಟ್ ಹುಡುಗಿ ಮೇಲೆ ಬೀಳ್ತಿತ್ತು," ಎಂದರು. "ನಾನು ಭುಜ ಕೊಟ್ಟು ಹಿಡ್ಕೊಂಡೆ."

ಹೆಂಡತಿ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. ಮದುವೆಯಾಗಿ ಇಪ್ಪತ್ನಾಲ್ಕು ವರ್ಷದಲ್ಲಿ ಆ ಬಗೆಯ ನೋಟ ಅವರಿಗೆ ಸಿಕ್ಕಿದ್ದು ಅದೇ ಮೊದಲು. ಅವರು ಅಲ್ಲೇ ಕರಗಿಹೋದರು. ಸತ್ಯ ಹೇಳುವ ಕೊನೆಯ ಅವಕಾಶವೂ ಅದರೊಡನೆ ಕರಗಿತು.

ಅರ್ಧ ಗಂಟೆಯಲ್ಲಿ ಕಾಂಪೌಂಡರು ಔಷಧದ ಪೆಟ್ಟಿಗೆ ಸಮೇತ ಹಾಜರಾದ. ಗಾಯ ತೊಳೆದ. ಚಿಮುಟದಿಂದ ಏನನ್ನೋ ತೆಗೆದು ಬೆಳಕಿಗೆ ಹಿಡಿದ.

"ಭಾವ, ಬೀರಿನೊಳಗೆ ಜಲ್ಲಿ ಎಲ್ಲಿಂದ ಬಂತು?"

"ಕಾಗದ ಹಾರಬಾರದು ಅಂತ ಮೇಲೆ ಕಲ್ಲು ಇಡ್ತೀವಿ."

"ಇಷ್ಟು ಸಣ್ಣದಾ?"

"ಕಾಗದವೂ ಸಣ್ಣದೇ."

ಕಾಂಪೌಂಡರು ಇನ್ನೇನೋ ಕೇಳುವವನಿದ್ದ. ತಂಗಿ ಸಿಡುಕಿದಳು. "ಒಂದು ಜೀವ ಉಳಿಸಿ ಬಂದಿದ್ದಾರೆ. ನೀನು ಕಲ್ಲು ಎಣಿಸ್ತಾ ಕೂತಿದ್ದೀಯಲ್ಲಣ್ಣ!" ಅವನು ಬಾಯಿ ಮುಚ್ಚಿಕೊಂಡು ಪಟ್ಟಿ ಕಟ್ಟಿದ. ಬೇಕಾದ್ದಕ್ಕಿಂತ ಸ್ವಲ್ಪ ಬಿಗಿಯಾಗಿಯೇ ಕಟ್ಟಿದ.

ಮರುದಿನ ಸುದ್ದಿ ಬೀದಿಯಲ್ಲಿ ಓಡಾಡಿತು. ಹೊರಡುವಾಗ ಆರಡಿ ಇದ್ದ ಬೀರು ಟೈಲರ್ ಅಂಗಡಿ ದಾಟುವಷ್ಟರಲ್ಲಿ ಎಂಟಡಿ ಆಯಿತು. ಹೆಡ್‌ಮಿಸ್ಟ್ರೆಸ್ ಮನೆ ತಲುಪುವಷ್ಟರಲ್ಲಿ ಟೈಪಿಸ್ಟ್ ತುಂಬುಗರ್ಭಿಣಿಯಾದಳು. ನಿಜ ಹೇಳಬೇಕೆಂದರೆ ದಾಖಲೆ ಕೋಣೆಯಲ್ಲಿ ಟೈಪಿಸ್ಟ್ ಹುದ್ದೆಯೇ ಇರಲಿಲ್ಲ. ಅಲ್ಲಿದ್ದವರು ಫೈಲಪ್ಪನವರು, ಒಂದು ಫ್ಯಾನು ಮತ್ತು ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ್ದ ಹನ್ನೊಂದು ಕಪಾಟು.

ಬುಧವಾರ ಬೇಕರಿಯ ವ್ಯಾನು ಅದೇ ಮೂಲೆಯಲ್ಲಿ ಅದೇ ಬಿಳಿ ಕಾರನ್ನು ತಪ್ಪಿಸಲು ಹೋಗಿ ದೀಪದ ಕಂಬಕ್ಕೆ ಗುದ್ದಿತು. ಕಂಬ ಏನನ್ನೋ ಕೇಳಿಸಿಕೊಳ್ಳುವಂತೆ ಒಂದು ಕಡೆ ವಾಲಿತು. ಬೀದಿಗೆ ಸಿಟ್ಟು ಬಂತು. ಆ ಸಂಜೆಯೇ ಹೆಡ್‌ಮಿಸ್ಟ್ರೆಸ್ ಮನೆಯ ಜಗುಲಿಯಲ್ಲಿ ನಿವಾಸಿಗಳ ಸಭೆ ಸೇರಿತು. ಆ ಮೂಲೆಯ ನಾಲ್ಕೂ ಕಡೆ 'ನಿಲ್ಲಿಸಿ ಹೊರಡಿ' ಎಂಬ ಫಲಕ ಹಾಕಿಸಬೇಕು, ಅದಕ್ಕೊಂದು ಸುರಕ್ಷತಾ ಸಮಿತಿ ಆಗಬೇಕು ಎಂದು ತೀರ್ಮಾನವಾಯಿತು.

"ಸಂಚಾಲಕರು ಯಾರು?" ಎಂದು ಹೆಡ್‌ಮಿಸ್ಟ್ರೆಸ್ ಕನ್ನಡಕದ ಮೇಲಿನಿಂದ ನೋಡಿದರು. ಅವರು ಹಾಗೆ ನೋಡಿದರೆ ಅರವತ್ತು ದಾಟಿದವರೂ ಕೈಕಟ್ಟಿ ಕೂರುತ್ತಿದ್ದರು.

"ಬೀರಿನಿಂದ ಜೀವ ಉಳಿಸಿದವರಿಗೆ ಕಾರಿನಿಂದ ಉಳಿಸೋದು ಯಾವ ಲೆಕ್ಕ?" ಎಂದ ಟೈಲರು. ಎಲ್ಲರೂ ಚಪ್ಪಾಳೆ ತಟ್ಟಿದರು. ಫೈಲಪ್ಪನವರು ಎದ್ದು ನಿಂತು ಬೇಡವೆನ್ನಲು ಬಾಯಿ ತೆರೆದರು. ಅದನ್ನೇ ಒಪ್ಪಿಗೆ ಎಂದು ಬರೆದುಕೊಳ್ಳಲಾಯಿತು.

ಅರ್ಜಿ ಹೋಯಿತು. ಹದಿನೇಳನೆಯ ದಿನ ರಸ್ತೆ ಸುರಕ್ಷತಾ ಕಚೇರಿಯಿಂದ ಉತ್ತರ ಬಂತು. ಪತ್ರ ಒಂದೂವರೆ ಪುಟ, ಸಾರ ಒಂದೂವರೆ ಸಾಲು. ಕಳೆದ ಹನ್ನೆರಡು ತಿಂಗಳಲ್ಲಿ ಕನಿಷ್ಠ ಮೂರು ಅಪಘಾತ ಆಗಿದ್ದರೆ ಮಾತ್ರ ಫಲಕ ಮಂಜೂರು. ಕಚೇರಿಯ ಬಳಿ ಇರುವುದು ಎರಡು: ಬೇಕರಿ ವ್ಯಾನು, ಮತ್ತು ಐದು ತಿಂಗಳ ಹಿಂದೆ ಹಲ್ಲು ಮುರಿದುಕೊಂಡ ಅಂಚೆಯವ. ಮುಂದಿನ ಶನಿವಾರ ಬೆಳಿಗ್ಗೆ ಹತ್ತಕ್ಕೆ ಪರಿಶೀಲಕರು ಸ್ಥಳಕ್ಕೆ ಬರುತ್ತಾರೆ. ಅಷ್ಟರೊಳಗೆ ಮೂರನೆಯದು ಸಿಗದಿದ್ದರೆ ಆ ಮೂಲೆಯನ್ನು 'ಸುರಕ್ಷಿತ' ಎಂದು ಬರೆದು, ಐದು ವರ್ಷ ಕಡತ ಮುಚ್ಚಲಾಗುತ್ತದೆ.

"ಒಂದು ಅಪಘಾತ ಕಡಿಮೆ ಬಿದ್ದಿದೆ," ಎಂದು ಫೈಲಪ್ಪನವರು ಪತ್ರ ಮಡಚಿದರು.

"ಹುಡುಕಿ," ಎಂದರು ಹೆಡ್‌ಮಿಸ್ಟ್ರೆಸ್. "ಸಂಚಾಲಕರು ನೀವು."

ಹೀಗೆ ಮೂರನೆಯ ಅಪಘಾತ ಒಂದು ನೋಟ್‌ಬುಕ್ ಹಿಡಿದು, ಮೂರನೆಯ ಅಪಘಾತವನ್ನು ಹುಡುಕುತ್ತ ಮನೆಮನೆಗೆ ಹೊರಟಿತು.

ಬೀದಿಯಲ್ಲಿ ಮನೆಗಳು ಮೂವತ್ತೊಂದು. ಫಲಕ ಬೇಡ ಎಂದವರು ಒಬ್ಬರೂ ಇಲ್ಲ. ಬಿದ್ದಿದ್ದೇನೆ ಎಂದವರೂ ಒಬ್ಬರಿಲ್ಲ. "ನಮ್ಮನೇಲಿ ಯಾರೂ ಬೀಳಲ್ಲ," ಎನ್ನುತ್ತಿದ್ದರು, ಬೀಳುವುದು ಒಂದು ಕೆಟ್ಟ ಚಟವೆನ್ನುವಂತೆ. "ಪಕ್ಕದ ಮನೇಲಿ ಕೇಳಿ. ಅವರು ನಡೆಯೋದು ನೋಡಿದ್ರೆ ಗೊತ್ತಾಗುತ್ತೆ." ಪಕ್ಕದ ಮನೆಯವರು ಇವರ ಕಡೆ ಕೈ ತೋರಿಸುತ್ತಿದ್ದರು.

ಟೈಲರು ಗುಂಡಿ ಹೊಲಿಯುತ್ತ ತಲೆ ಎತ್ತಲಿಲ್ಲ. "ಆ ಮೂಲೇಲಿ ನಾನು ಇಳಿದು ಸೈಕಲ್ ತಳ್ಳಿಕೊಂಡು ಹೋಗ್ತೀನಿ."

"ಯಾವಾಗಿನಿಂದ?"

"ಮಾರ್ಚಿನಿಂದ."

"ಮಾರ್ಚಿನಲ್ಲಿ ಏನಾಯ್ತು?"

ಸೂಜಿ ಬೆರಳಿಗೆ ಚುಚ್ಚಿತು. "ಏನಾಗುತ್ತೆ? ಬಿಸಿಲು ಜಾಸ್ತಿ ಆಯ್ತು," ಎಂದು ಅವನು ಬೆರಳು ಚೀಪಿದ. ಆಮೇಲೆ ದನಿ ತಗ್ಗಿಸಿ, "ಹುಡುಕೋದು ಯಾಕೆ? ಯಾರಾದ್ರೂ ಒಬ್ರು ಶುಕ್ರವಾರ ಮೆತ್ತಗೆ ಬಿದ್ದುಬಿಟ್ರೆ ಆಗಲ್ವಾ?" ಎಂದ. ಈ ಸಲಹೆ ಬೀದಿಯಲ್ಲಿ ಬಹಳ ಜನಪ್ರಿಯವಾಯಿತು. ಆ ದಿನವೇ ಮೆತ್ತಗೆ ಬೀಳಬಲ್ಲವರ ಪಟ್ಟಿ ತಯಾರಾಯಿತು. ಹನ್ನೆರಡು ಹೆಸರು ಬಂದವು. ಪ್ರತಿಯೊಂದು ಹೆಸರನ್ನೂ ಕೊಟ್ಟವರು ಬೇರೆಯವರು.

ಹೆಡ್‌ಮಿಸ್ಟ್ರೆಸ್ ಪಟ್ಟಿಯನ್ನು ಹರಿದು ಹಾಕಿದರು. "ಸುಳ್ಳು ಅಪಘಾತ ನಾನಿರೋವರೆಗೂ ಆಗಲ್ಲ. ಇನ್ನೊಂದು ವಿಷಯ. ನನ್ನ ಬೇಲಿಯಿಂದ ದಾರಿ ಕಾಣಲ್ಲ ಅಂತ ಕೆಲವರು ಆಡಿಕೊಳ್ತಿದ್ದಾರೆ. ಆ ಬೇಲಿಯಿಂದ ಈವರೆಗೆ ಒಂದು ಇರುವೆಗೂ ತೊಂದರೆ ಆಗಿಲ್ಲ. ಬರೆದುಕೊಳ್ಳಿ."

ಫೈಲಪ್ಪನವರು ಬರೆದುಕೊಂಡರು. ಮೊಣಕೈ ಚುಳ್ ಎಂದಿತು.

ಮನೆಯಲ್ಲಿ ಹೆಂಡತಿಯನ್ನೂ ಕೇಳಿದರು. ಅವಳು ಮೂಲೆಯಾಚೆಯ ಶಿಶುವಿಹಾರದಲ್ಲಿ ಟೀಚರು; ದಿನಕ್ಕೆ ನಾಲ್ಕು ಸಲ ಆ ದಾರಿ ದಾಟುವವಳು. "ಬೀಳೋದಾ? ನಾನಾ?" ಎಂದು ಅವಳು ಪಾತ್ರೆ ತಿಕ್ಕುವ ಸದ್ದು ಜೋರು ಮಾಡಿದಳು. "ಹೋಗ್ರಿ, ಊಟಕ್ಕೆ ತಟ್ಟೆ ಇಡಿ."

ಊಟದ ಹೊತ್ತಿಗೆ ಕಾಂಪೌಂಡರೂ ಬಂದು ಕುಳಿತ. ಅವನಿಗೆ ಈ ಸಮಿತಿಯ ವಿಷಯ ಎಲ್ಲಿಲ್ಲದ ಖುಷಿ. "ಮೂರನೇದು ಸಿಕ್ತಾ ಭಾವ? ನೀವೇ ಸೈಕಲ್ ಹತ್ತಿ ಒಂದು ಸುತ್ತು ಹೋಗಿಬನ್ನಿ. ಸಿಕ್ಕೇ ಸಿಗುತ್ತೆ!"

ಫೈಲಪ್ಪನವರಿಗೆ ತುತ್ತು ನೆತ್ತಿಗೇರಿತು. ಹೆಂಡತಿ ನೀರು ಕೊಟ್ಟು ಬೆನ್ನು ತಟ್ಟುತ್ತ ಅಣ್ಣನನ್ನು ಗದರಿದಳು. "ಬೀರು ಹೊತ್ತ ಭುಜ ಅದು. ಅವರನ್ನ ಏನಂದ್ಕೊಂಡಿದ್ದೀಯಾ?" ಆ ಮಾತು ಕೇಳಿ ಅವರಿಗೆ ಇನ್ನೊಮ್ಮೆ ನೆತ್ತಿಗೇರಿತು.

ಗುರುವಾರ ಅವರು ಅರ್ಧ ದಿನ ರಜೆ ಹಾಕಿ ಟೈಲರ್ ಅಂಗಡಿಯ ಮುಂದೆ ನಿಂತಿದ್ದರು. ಶಿಶುವಿಹಾರದ ಮಕ್ಕಳು ಆಟದ ಬಯಲಿಗೆ ಹೊರಟಿದ್ದರು. ಮೂವತ್ತೆರಡು ಮಕ್ಕಳು ಒಂದು ಉದ್ದದ ಹಗ್ಗ ಹಿಡಿದುಕೊಂಡು ಸಾಲಾಗಿ ಬರುತ್ತಿದ್ದರು. ಮುಂದೆ ಕೆಂಪು ಬಾವುಟ ಹಿಡಿದು ಹೆಂಡತಿ. ಅವಳು ಮೂಲೆಯಲ್ಲಿ ರಸ್ತೆಗೆ ಒಂದು ಹೆಜ್ಜೆ ಇಟ್ಟಳು. ಬೇಲಿಯ ಹಿಂದಿನಿಂದ ಬಿಳಿ ಕಾರು ಬಂತು. ಅವಳು ಎಡಗೈ ಚಾಚಿ ಇಡೀ ಸಾಲನ್ನು ಹಿಂದಕ್ಕೆ ಒತ್ತಿದಳು. ಕಾರಿನ ಕನ್ನಡಿ ಬಲಗೈಯ ಬಾವುಟವನ್ನು ಕಿತ್ತುಕೊಂಡು ಹೋಯಿತು. ಬಾವುಟ ಇಪ್ಪತ್ತಡಿ ಆಚೆ ಬಿತ್ತು. ಮಕ್ಕಳಿಗೆ ಅದೊಂದು ಆಟವಾಗಿ ಕಂಡು ಕಿಲಕಿಲ ನಕ್ಕವು.

ಫೈಲಪ್ಪನವರು ಓಡಿಹೋಗಿ ಬಾವುಟ ಎತ್ತಿಕೊಟ್ಟರು. ಅವಳು ಮಕ್ಕಳ ತಲೆಗಳನ್ನು ಎರಡು ಸಲ ಎಣಿಸಿದಳು. ಆಮೇಲೆ, "ಹಗ್ಗ ಬಿಡಬೇಡಿ ಪುಟ್ಟಗಳಾ," ಎಂದು ಮಾಮೂಲಿ ದನಿಯಲ್ಲೇ ಹೇಳಿ ನಡೆದಳು.

ಆ ಸಂಜೆಯೂ ಶುಕ್ರವಾರವೂ ಅವರು ಯಾರ ಮನೆಗೂ ಹೋಗಲಿಲ್ಲ. ನೋಟ್‌ಬುಕ್ಕನ್ನು ತೆರೆಯಲೂ ಇಲ್ಲ.

ಶನಿವಾರ ಹತ್ತಕ್ಕೆ ಸರಿಯಾಗಿ ಪರಿಶೀಲಕರು ನಡೆದುಕೊಂಡು ಬಂದರು. ಸಣ್ಣ ಆಳು, ದೊಡ್ಡ ಟೇಪು.

"ಗಾಡಿ ಎಲ್ಲಿ ಸಾರ್?" ಎಂದು ಟೈಲರು ಕೇಳಿದ.

"ಎರಡು ಬೀದಿ ಆಚೆ ನಿಲ್ಲಿಸಿದೆ. ಈ ಮೂಲೆ ಅಪಾಯ ಅಂತ ನೀವೇ ಬರೆದಿದ್ದೀರಲ್ಲ."

ಇಡೀ ಬೀದಿ ಅಲ್ಲಿ ನೆರೆದಿತ್ತು. ಪರಿಶೀಲಕರು ವಾಲಿದ ಕಂಬದ ಕೆಳಗೆ ನಿಂತು ಅರ್ಧ ಗಂಟೆ ವಾಹನ ಎಣಿಸಿದರು. ಮೂಲೆಯಲ್ಲಿ ಎಪ್ಪತ್ತು ಜನ ದುರುಗುಟ್ಟಿಕೊಂಡು ನಿಂತದ್ದನ್ನು ಕಂಡ ವಾಹನಗಳೆಲ್ಲ ಆಸ್ಪತ್ರೆಯೊಳಗೆ ನಡೆಯುವವರಂತೆ ಸದ್ದಿಲ್ಲದೆ ಹೋದವು. ಬಿಳಿ ಕಾರು ಸಹ ಬಂತು, ನಿಂತಿತು, ಮುದುಕಿಯೊಬ್ಬರಿಗೆ ದಾರಿ ಬಿಟ್ಟಿತು.

"ಎಲ್ಲರೂ ನಿಧಾನವಾಗೇ ಹೋಗ್ತಿದ್ದಾರಲ್ಲ," ಎಂದರು ಪರಿಶೀಲಕರು.

"ನಾವೆಲ್ಲ ನಿಂತಿದ್ದೀವಿ ಅಂತ ಸಾರ್!"

"ಅದನ್ನ ಬರೆಯೋಕೆ ಕಾಲಂ ಇಲ್ಲ."

ಅವರು ಬೇಲಿಯನ್ನು ಅಳೆದರು. ಆರು ಅಡಿ ಎರಡು ಅಂಗುಲ. "ಆ ಎರಡು ಅಂಗುಲ ಈ ವಾರ ಬೆಳೆದದ್ದು," ಎಂದು ಹೆಡ್‌ಮಿಸ್ಟ್ರೆಸ್ ತಕ್ಷಣ ತಿದ್ದಿದರು. ಕೊನೆಗೆ ಪರಿಶೀಲಕರು ನಮೂನೆಯ ಕೊನೆಯ ಪುಟಕ್ಕೆ ಬಂದರು. "ದಾಖಲಾದ ಅಪಘಾತ ಎರಡು. ಮೂರನೇದು ಇದೆಯಾ?"

ಎಪ್ಪತ್ತು ಜನ ಫೈಲಪ್ಪನವರ ಕಡೆ ತಿರುಗಿದರು. ಹೆಂಡತಿ ಅದೇ ಬಾವುಟ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಕಾಂಪೌಂಡರು ಕೈಕಟ್ಟಿ ನಗುತ್ತಿದ್ದ.

"ಇಲ್ಲ ಅಂದ್ರೆ, ಸುರಕ್ಷಿತ," ಎಂದು ಪರಿಶೀಲಕರು ಪೆನ್ನನ್ನು ಕಾಗದಕ್ಕೆ ತಾಗಿಸಿದರು.

"ಇದೆ," ಎಂದರು ಫೈಲಪ್ಪನವರು. "ಮೂರನೇದು ನಾನು."

ಪೆನ್ನು ನಿಂತಿತು.

"ಸೈಕಲ್ ಮನೆಗೆ ಬಂದ ಮರುದಿನ, ಸೋಮವಾರ, ಒಂಬತ್ತಕ್ಕೆ ಹದಿನೆಂಟು ನಿಮಿಷ ಇತ್ತು. ಸೈಕಲ್ಲು. ಅಲ್ಲಿ," ಎಂದು ಬೇಲಿಯ ಬುಡಕ್ಕೆ ಬೆರಳು ಮಾಡಿದರು. "ಬೀರು ಬೀಳಲಿಲ್ಲ. ಟೈಪಿಸ್ಟ್ ಇಲ್ಲ. ಯಾವತ್ತೂ ಇರಲಿಲ್ಲ."

"ಮಗು?" ಎಂದು ಹಿಂದಿನಿಂದ ಯಾರೋ ಕಳವಳದಿಂದ ಕೇಳಿದರು. ಆಮೇಲೆ ಕಾಂಪೌಂಡರು ಸ್ಫೋಟಿಸಿದ.

"ನಾನು ಹೇಳಿರಲಿಲ್ವಾ? ಜಲ್ಲಿ! ಅದು ರಸ್ತೆ ಜಲ್ಲಿ! ಒಂದು ವಾರ ಅಂದಿದ್ದೆ. ಒಂದೇ ದಿನಕ್ಕೆ ಬಿದ್ದಿದ್ದಾರೆ! ನೋಡಮ್ಮ ನಿನ್ನ ಗಂಡನ್ನ. ಬೀರು ಹೊತ್ತ ಭುಜವಂತೆ!"

ಫೈಲಪ್ಪನವರು ನೆಲ ನೋಡುತ್ತ ನಿಂತರು. ಹೆಂಡತಿ ಗಂಡನನ್ನೂ ನೋಡಿದಳು, ಅಣ್ಣನನ್ನೂ ನೋಡಿದಳು. ಬಾವುಟವನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

"ಬಿದ್ರೆ ಏನಂತೆ?" ಎಂದಳು. "ನಾನೂ ಬಿದ್ದಿದ್ದೀನಿ. ಇಲ್ಲೇ."

"ನೀನಾ!" ಎಂದರು ಫೈಲಪ್ಪನವರು.

"ಒಂಬತ್ತು ತಿಂಗಳಾಯ್ತು. ಸ್ಕೂಟರ್ ಒಂದು ತಗುಲಿಕೊಂಡು ಹೋಯ್ತು. ಕಾಲು ಊದಿತ್ತಲ್ಲ, ಶಾಲೆ ಮೆಟ್ಟಿಲಿಂದ ಜಾರಿದೆ ಅಂದಿದ್ದೆ."

"ನಿಮ್ಮ ಶಾಲೇಲಿ ಮೆಟ್ಟಿಲೇ ಇಲ್ವಲ್ಲೇ!"

"ಅದನ್ನ ಈಗ ಕೇಳ್ತಿದ್ದೀರಾ?"

"ಹೇಳೋಕೇನಾಗಿತ್ತು?"

"ಹೇಳಿದ್ರೆ ಕೆಲಸ ಬಿಡು ಅಂತಿದ್ರಿ. ಅಣ್ಣ ಎರಡೂ ಕಾಲಿಗೆ ಪಟ್ಟಿ ಸುತ್ತಿ ಮೂಲೇಲಿ ಕೂರಿಸ್ತಿದ್ದ."

ಪರಿಶೀಲಕರು ಬರೆದುಕೊಂಡರು. "ನಾಲ್ಕು. ಸಾಕ್ಷಿ ಇದ್ದಾರಾ?"

"ಮೂವತ್ತೆರಡು ಮಕ್ಕಳು. ನಾನು ಬಿದ್ದಾಗ ಚಪ್ಪಾಳೆ ತಟ್ಟಿದ್ವು."

ಇದನ್ನು ಕೇಳಿ ಟೈಲರಿಗೆ ಏನಾಯಿತೋ, ಮುಂದೆ ಬಂದ. "ಸಾರ್, ನಾನೂ. ಮಾರ್ಚಿನಲ್ಲಿ. ಬ್ರೇಕ್ ಸರಿ ಇರಲಿಲ್ಲ, ಬೇಲಿ ಹಿಂದಿನಿಂದ ಒಬ್ರು ಬಂದ್ರು, ಗುದ್ದಿದೆ, ಇಬ್ಬರೂ ಗಿಡದೊಳಕ್ಕೆ ಹೋದ್ವಿ."

"ಆ ಒಬ್ಬರು ಯಾರು?"

ಟೈಲರ ಕಣ್ಣು ತಪ್ಪಿ ಹೆಡ್‌ಮಿಸ್ಟ್ರೆಸ್ ಕಡೆ ಹೋಯಿತು. ಎಪ್ಪತ್ತು ಜನರ ಕಣ್ಣೂ ಹಿಂದೆಯೇ ಹೋದವು.

ಹೆಡ್‌ಮಿಸ್ಟ್ರೆಸ್ ಕನ್ನಡಕ ತೆಗೆದು ಒರೆಸಿಕೊಂಡರು. "ಹೌದು. ನಾನು. ನನ್ನ ಬೇಲಿಯೊಳಗೆ. ತಲೆಕೆಳಗಾಗಿ," ಎಂದರು. "ಯಾರಿಗೂ ಹೇಳಕೂಡದು ಅಂತ ಇಬ್ಬರೂ ಮಾತಾಡಿಕೊಂಡಿದ್ವಿ. ಇವನು ಮಾತಿಗೆ ತಪ್ಪಿದ. ನಾಲ್ಕನೇ ಕ್ಲಾಸಿನಲ್ಲೂ ಹೀಗೇ ಇದ್ದ."

"ಬಿದ್ದವರು ಇಬ್ಬರು, ಅಂದ್ರೆ ಎರಡು ಅಪಘಾತ," ಎಂದ ಟೈಲರು ಉತ್ಸಾಹದಿಂದ.

"ಡಿಕ್ಕಿ ಒಂದು, ಅಪಘಾತ ಒಂದು. ಒಟ್ಟು ಐದು," ಎಂದರು ಪರಿಶೀಲಕರು. ಅವರ ಮುಖದಲ್ಲಿ ಮೊದಲ ಬಾರಿಗೆ ಒಂದು ಬಗೆಯ ಬೆಳಕು ಕಂಡಿತು. ಆದರೆ ತಕ್ಷಣವೇ ಕೈ ಎತ್ತಿದರು. "ಐದು ಬಹಳ ಒಳ್ಳೆ ಸಂಖ್ಯೆ. ದಯವಿಟ್ಟು ಇನ್ನು ಯಾರೂ ಬಾಯಿ ತೆಗೀಬೇಡಿ."

ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡರು. ಅಷ್ಟು ಹೊತ್ತಿಗೆ ಅಂಚೆಯವ ಸೈಕಲ್ ತಳ್ಳಿಕೊಂಡು ಬಂದ. ಏನು ನಡೆಯುತ್ತಿದೆ ಎಂದು ಕೇಳುವ ವ್ಯವಧಾನ ಅವನಿಗಿರಲಿಲ್ಲ. ಕಾಂಪೌಂಡರನ್ನು ನೋಡಿದ್ದೇ ಮುರಿದ ಹಲ್ಲು ಕಾಣುವಂತೆ ನಕ್ಕ.

"ಹೇಗಿದೆ ಕಾಂಪೌಂಡರೇ ಮುಂಗೈ? ಆವತ್ತು ಈ ಮೂಲೇಲಿ ಬೈಕಿನಿಂದ ಬಿದ್ದಾಗ ನಾನಲ್ವಾ ಎತ್ತಿದ್ದು? ಅಮ್ಮಾ ಅಂತ ಕೂಗಿದ್ರಿ, ಪಾಪ. ಈಗ ಪೂರ್ತಿ ವಾಸಿಯಾಯ್ತಾ?"

ಕಾಂಪೌಂಡರ ನಗು ಮುಖದ ಮೇಲೆಯೇ ಒಣಗಿತು.

"ಅಣ್ಣ!" ಎಂದಳು ತಂಗಿ. "ಪೈಲ್ವಾನ್ ರೋಗಿ ನೋವಿಗೆ ಕೈ ತಿರುಚಿದ ಅಂದಿದ್ದೆ!"

"ಅವನೂ ತಿರುಚಿದ್ದ," ಎಂದ ಕಾಂಪೌಂಡರು ಕ್ಷೀಣವಾಗಿ. "ಬೇರೆ ಕೈ."

ಫೈಲಪ್ಪನವರಿಗೆ ಜೀವಮಾನದಲ್ಲಿ ಒಮ್ಮೆ ಬರುವಂಥ ಸಂತೋಷ ಬಂತು. ಆದರೆ ಅದನ್ನು ಅನುಭವಿಸಲು ಸಮಯವಾಗಲಿಲ್ಲ. ಪರಿಶೀಲಕರು ಬಾಗಿದ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಿದ್ದರು.

"ಆರು," ಎಂದರು. "ನಾನು ಕೇಳಿಸಿಕೊಂಡಾಯ್ತು. ಕೇಳಿಸಿಕೊಂಡದ್ದನ್ನ ಬರೀಲೇಬೇಕು. ಮೂರರಿಂದ ಐದಿದ್ರೆ ನಾನೇ ಫಲಕ ಮಂಜೂರು ಮಾಡ್ತೀನಿ. ಆರಾದ್ರೆ ಇದು 'ವಿಶೇಷ ಅಪಾಯದ ಜಾಗ'. ನನ್ನ ಕೈಲಿಲ್ಲ. ತಜ್ಞರ ಸಮಿತಿಗೆ ಹೋಗಬೇಕು."

"ಹೋಗಲಿ ಬಿಡಿ," ಎಂದ ಟೈಲರು. "ಅವರು ಯಾವಾಗ ಕೂರ್ತಾರೆ?"

"ಹಿಂದಿನ ಸಲ ಕೂತಾಗ ನನಗೆ ಇನ್ನೂ ಮೀಸೆ ಬಂದಿರಲಿಲ್ಲ."

ಎಪ್ಪತ್ತು ಜನ ಪರಿಶೀಲಕರ ಮೀಸೆ ನೋಡಿದರು. ಅದು ಪೂರ್ತಿ ನರೆತಿತ್ತು.

"ಒಂದನ್ನ ಹೊಡೆದುಹಾಕಿದ್ರೆ?" ಎಂದು ಹೆಂಡತಿ ಕೇಳಿದಳು.

ಪರಿಶೀಲಕರು ನಿಯಮದ ಪುಸ್ತಕ ತೆರೆದು ಬೆರಳು ಓಡಿಸಿದರು. "ವಾಪಸ್ ತೆಗೆದುಕೊಳ್ಳೋ ಅವಕಾಶ ಇದೆ. ಆದ್ರೆ ಸಾಕ್ಷಿ ಇರೋ ಅಪಘಾತಕ್ಕೆ ಇಲ್ಲ. ಯಾರೂ ನೋಡದೆ ಇದ್ದದ್ದಕ್ಕೆ ಮಾತ್ರ."

ಕಾಂಪೌಂಡರು ಆಸೆಯಿಂದ ಅಂಚೆಯವನ ಕಡೆ ನೋಡಿದ. "ನಾನು ನೋಡಿದ್ದೀನಿ, ಎತ್ತಿದ್ದೀನಿ," ಎಂದು ಅಂಚೆಯವ ಎದೆ ತಟ್ಟಿಕೊಂಡ. ಟೈಲರು ಮತ್ತು ಹೆಡ್‌ಮಿಸ್ಟ್ರೆಸ್ ಒಬ್ಬರಿಗೊಬ್ಬರು ಸಾಕ್ಷಿ. ವ್ಯಾನಿಗೆ ಕಂಬವೇ ಸಾಕ್ಷಿ, ಅಂಚೆಯವನಿಗೆ ಮುರಿದ ಹಲ್ಲು. ಹೆಂಡತಿಗೆ ಮೂವತ್ತೆರಡು ಜನ. ಹೀಗೆ ಒಂದೊಂದೇ ತೆಗೆದುಹಾಕುತ್ತ ಬಂದಾಗ ಕೊನೆಗೆ ಉಳಿದವರು ಒಬ್ಬರೇ.

"ನನ್ನದನ್ನಾ?" ಎಂದರು ಫೈಲಪ್ಪನವರು.

ಇಪ್ಪತ್ತೇಳು ವರ್ಷದಲ್ಲಿ ಒಂದು ಕಾಗದಕ್ಕೂ ಸುಳ್ಳು ತಾಗಿಸದವರು ಅವರು. ಇಡೀ ಬೀದಿಯ ಮುಂದೆ ಮರ್ಯಾದೆ ಕಳೆದುಕೊಂಡು ಸತ್ಯ ಹೇಳಿ ಇನ್ನೂ ಕಾಲು ಗಂಟೆ ಆಗಿರಲಿಲ್ಲ. ಅವರು ಒಮ್ಮೆ ಬೇಲಿಯ ಬುಡವನ್ನು ನೋಡಿದರು. ಒಮ್ಮೆ ಹೆಂಡತಿಯ ಕಂಕುಳಲ್ಲಿದ್ದ ಬಾವುಟವನ್ನು ನೋಡಿದರು.

"ಕೊಡಿ," ಎಂದು ವಾಪಸಾತಿಯ ನಮೂನೆಗೆ ಕೈ ಚಾಚಿದರು. "ನಾನು ಈ ಜಾಗದಲ್ಲಿ ಬಿದ್ದಿರುವುದಿಲ್ಲ" ಎಂದು ದುಂಡಗೆ ಬರೆದು ಸಹಿ ಹಾಕಿದರು. ದಿನಾಂಕ ಹಾಕಿದರು. ವೇಳೆ ಕೂಡ ಹಾಕಿದರು.

ಪರಿಶೀಲಕರು ಕಾಗದ ನೋಡಿದರು. "ಗಾಯ ಆದದ್ದು ಎಲ್ಲಿ ಅಂತ ಕಾಲಂ ಖಾಲಿ ಬಿಟ್ಟಿದ್ದೀರಿ. ಅದು ತುಂಬಲೇಬೇಕು."

ಫೈಲಪ್ಪನವರು ಬಹಳ ಹೊತ್ತು ಪೆನ್ನು ಹಿಡಿದು ನಿಂತರು. ಕೊನೆಗೆ, "ಕಚೇರಿಯಲ್ಲಿ. ಬೀರು," ಎಂದು ಬರೆದರು. ಅವರ ಕಿವಿ ಕೆಂಪಗಾಗಿತ್ತು.

"ಇದಕ್ಕೊಂದು ಸಾಕ್ಷಿ ಸಹಿ."

"ಇದಕ್ಕೂ ಸಾಕ್ಷಿಯಾ ಸಾರ್?"

"ಬಿದ್ದದ್ದಕ್ಕೆ ಸಾಕ್ಷಿ ಇಲ್ಲದಿದ್ರೂ ನಡೆಯುತ್ತೆ. ಬೀಳದೆ ಇದ್ದದ್ದಕ್ಕೆ ಬೇಕೇ ಬೇಕು."

ಹೆಡ್‌ಮಿಸ್ಟ್ರೆಸ್ ಆಕಾಶ ನೋಡಿದರು; ಒಂದು ದಿನಕ್ಕೆ ಅವರು ಒಪ್ಪಿಕೊಳ್ಳಬಹುದಾದ್ದು ಮುಗಿದಿತ್ತು. ಹೆಂಡತಿ ಮುಂದೆ ಬಂದರೆ ಪರಿಶೀಲಕರು, "ಹೆಂಡತಿ ಆಗಲ್ಲ," ಎಂದರು. ಟೈಲರಿಗೆ ಇದ್ದಕ್ಕಿದ್ದಂತೆ ಸೈಕಲ್ಲಿನ ಚೈನು ನೋಡುವ ಕೆಲಸ ಬಂತು.

ಆಗ ಕಾಂಪೌಂಡರು ಗಂಟಲು ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಮುಂದೆ ಬಂದ. ಕಾಗದ ತೆಗೆದುಕೊಂಡು ಒಮ್ಮೆ ಓದಿದ. ಇನ್ನೊಮ್ಮೆ ಓದಿದ. ಸಹಿ ಹಾಕಿದ. ಕಾಗದವನ್ನು ವಾಪಸ್ ಕೊಡಲು ಹೋದವನು ತಡೆದು, ಬೀರು ಎಂದು ಬರೆದಿದ್ದ ಜಾಗದ ಮೇಲೆ ಬೆರಳಿಟ್ಟ.

"ಸಾರ್, ಬರೀ ಬೀರು ಅಂದ್ರೆ ಜನ ಮರದ್ದು ಅಂದ್ಕೋತಾರೆ," ಎಂದ. "ಕಬ್ಬಿಣದ್ದು ಅಂತ ಸೇರಿಸಿ."